ವಿದ್ಯುತ್ತಿನ ಕೆರೆ

ನಾನು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ಕಾಲದಲ್ಲಿ, ಒಂಬತ್ತನೆಯ ತರಗತಿಯಲ್ಲಿ ಬಹಳ ಬುದ್ಧಿವಂತನಾದ ಒಬ್ಬ ಹುಡುಗನಿದ್ದ. ಆದರೆ ಕೆಲವು ದಿನ ಬೆಳಗಿನ ಮೊದಲ ಪಾಠದಲ್ಲಿಯೇ ಅವನಿಗೆ ತೂಕಡಿಕೆ ಹತ್ತುತ್ತಿತ್ತು. ಒಮ್ಮೆ ನಾನು ಕೋಪದಿಂದ ಅವನನ್ನು ಎಬ್ಬಿಸಿ ಕಾರಣ ಕೇಳಿದೆ. “ರಾತ್ರಿ ಎರಡು ಗಂಟೆಗೆ ಕರೆಂಟು ಬಂತು ಸಾರ್. ಅಪ್ಪನ ಜೊತೆ ಟೊಮೇಟೊ ತೋಟಕ್ಕೆ ನೀರು ಕಟ್ಟೋಕೆ ಹೋಗಿದ್ದೆ. ಬ್ಯಾಟರಿ ಹಿಡಿಯೋಕೆ ಬೇರೆ ಯಾರೂ ಇರಲಿಲ್ಲ” ಎಂದ. ನನ್ನ ಕೋಪ ಅಲ್ಲಿಯೇ ಇಳಿದುಹೋಯಿತು. ಕಗ್ಗತ್ತಲೆಯಲ್ಲಿ, ಹಾವು ಚೇಳುಗಳ ಭಯದಲ್ಲಿ, ಹದಿನಾಲ್ಕು ವರ್ಷದ ಬಾಲಕ ತಂದೆಗೆ ದಾರಿ ತೋರಿಸುತ್ತ ಬದುವಿನ ಮೇಲೆ ನಡೆಯುವ ಚಿತ್ರ ಇಂದಿಗೂ ನನ್ನ ಕಣ್ಣ ಮುಂದಿದೆ.

ನಮ್ಮ ಸೀಮೆಯಲ್ಲಿ ಟಾರ್ಚಿಗೆ ‘ಬ್ಯಾಟರಿ’ ಎಂದೇ ಹೆಸರು. ಆ ಹುಡುಗನ ಕೈಯಲ್ಲಿದ್ದ ಆ ಪುಟ್ಟ ವಸ್ತುವಿನಲ್ಲಿಯೇ ಅವನ ಕಷ್ಟಕ್ಕೆ ಪರಿಹಾರದ ಒಂದು ಸೂತ್ರ ಅಡಗಿತ್ತು. ಅದೇನೆಂಬುದನ್ನು ಈ ಪಾಠದಲ್ಲಿ ನೋಡೋಣ.

ರೈತನಿಗೆ ವಿದ್ಯುತ್ತು ನಡುರಾತ್ರಿಯಲ್ಲಿ ಏಕೆ ಬರಬೇಕು? ವಿದ್ಯುತ್ತಿಗೆ ಒಂದು ವಿಚಿತ್ರ ಗುಣವಿದೆ. ರಾಗಿಯನ್ನು ಕಣಜದಲ್ಲಿ ತುಂಬಿಡುವಂತೆ ಅದನ್ನು ತಂತಿಯಲ್ಲಿ ತುಂಬಿಡಲಾಗದು. ಉತ್ಪಾದನೆಯಾದ ಕ್ಷಣದಲ್ಲಿಯೇ ಅದು ಬಳಕೆಯಾಗಬೇಕು; ಬೇಡಿಕೆ ಹೆಚ್ಚಿದ ಕ್ಷಣದಲ್ಲಿಯೇ ಉತ್ಪಾದನೆಯೂ ಹೆಚ್ಚಬೇಕು. ಊರು ಮಲಗಿ, ಕಾರ್ಖಾನೆಗಳ ಬೇಡಿಕೆ ತಗ್ಗಿದ ಹೊತ್ತಿನಲ್ಲಿ ಪಂಪುಸೆಟ್ಟುಗಳಿಗೆ ಸರದಿ ಬರುತ್ತಿದ್ದುದು ಇದರಿಂದಲೇ. ಅಂದರೆ ಆ ಹುಡುಗನ ನಿದ್ರೆಯನ್ನು ಕಸಿದುಕೊಂಡದ್ದು ಕೂಡಿಡಲಾಗದ ವಿದ್ಯುತ್ತು.

ಈ ತೊಡಕು ನಮ್ಮ ಜಿಲ್ಲೆಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಒದಗಿಸುವುದಕ್ಕಾಗಿ 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಕೆಲಸವನ್ನಾರಂಭಿಸಿತು. ಸುಮಾರು 147 ಕಿಲೋಮೀಟರು ದೂರ ತಂತಿಯ ಮೂಲಕ ಹರಿದುಬಂದ ಆ ವಿದ್ಯುತ್ತು ಗಣಿಯ ಯಂತ್ರಗಳನ್ನು ನಡೆಸಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಇದಾದ ಮೂರು ವರ್ಷಗಳ ಮೇಲೆ, 1905ರಲ್ಲಿ. ಆದರೆ ಬೇಸಗೆಯಲ್ಲಿ ಕಾವೇರಿ ಬಡವಾದಾಗ ವಿದ್ಯುತ್ತೂ ಬಡವಾಗುತ್ತಿತ್ತು. ಗಣಿಗಳಿಗೆ ವರ್ಷವಿಡೀ ನಿಶ್ಚಿತವಾಗಿ ವಿದ್ಯುತ್ತು ದೊರೆಯಬೇಕಾದರೆ ನದಿಯ ನೀರನ್ನು ಮೇಲೆಯೇ ಹಿಡಿದಿಡಬೇಕಾಗಿತ್ತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ನೀರಾವರಿಯ ಜೊತೆಗೆ ಇದೂ ಒಂದು. ವಿದ್ಯುತ್ತನ್ನು ನೇರವಾಗಿ ಕೂಡಿಡಲಾಗದಿದ್ದರೆ ಅದರ ಮೂಲವನ್ನು ಕೂಡಿಡಬಹುದೆಂಬ ಪಾಠವನ್ನು ಕೋಲಾರದ ಚಿನ್ನ ಹೀಗೆ ನಾಡಿಗೆ ಕಲಿಸಿತು.

ಈ ಪಾಠ ನಮ್ಮ ಪೂರ್ವಿಕರಿಗೆ ಮೊದಲೇ ತಿಳಿದಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆ ಬರುವುದು ವರ್ಷದಲ್ಲಿ ಕೆಲವೇ ದಿನ; ನೀರು ಬೇಕಾಗಿರುವುದು ಎಲ್ಲ ದಿನ. ಆದ್ದರಿಂದಲೇ ಅವರು ಸಾವಿರಾರು ಕೆರೆಗಳನ್ನು ಕಟ್ಟಿದರು. ಇಂದು ಬಿಸಿಲಿನಿಂದ ಪಡೆಯುವ ವಿದ್ಯುತ್ತಿನ ಸ್ಥಿತಿಯೂ ಮಳೆಯಂತೆಯೇ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆ ಭೂಮಿಯಲ್ಲಿ ಹರಡಿರುವ ಸೌರ ವಿದ್ಯುತ್ ಕ್ಷೇತ್ರದ ಸಾಮರ್ಥ್ಯ 2050 ಮೆಗಾವ್ಯಾಟ್. ಆದರೆ ಸಂಜೆ ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಸೂರ್ಯ ಮುಳುಗಿರುತ್ತಾನೆ! ಹಗಲಿನ ಬಿಸಿಲನ್ನು ಇರುಳಿಗೆ ಉಳಿಸುವ ಕೆರೆಯೊಂದು ಬೇಕು. ಆ ಕೆರೆಯೇ ಬ್ಯಾಟರಿ.

ಬ್ಯಾಟರಿಯಲ್ಲಿ ವಿದ್ಯುತ್ತು ವಿದ್ಯುತ್ತಾಗಿಯೇ ಕುಳಿತಿರುತ್ತದೆಂದು ಭಾವಿಸಬಾರದು. ಅಲ್ಲಿ ಅದು ರಾಸಾಯನಿಕ ಶಕ್ತಿಯ ರೂಪದಲ್ಲಿರುತ್ತದೆ. ಪ್ರತಿಯೊಂದು ವಿದ್ಯುತ್ಕೋಶದಲ್ಲಿಯೂ ಮೂರು ಮುಖ್ಯ ಭಾಗಗಳುಂಟು: ಧನಾಗ್ರ, ಋಣಾಗ್ರ ಮತ್ತು ಇವೆರಡರ ನಡುವಣ ವಿದ್ಯುದ್ವಿಭಾಜ್ಯ. ಲಿಥಿಯಂ ಕೋಶವನ್ನು ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಧನಾಗ್ರವನ್ನು ಬಿಟ್ಟು, ವಿದ್ಯುದ್ವಿಭಾಜ್ಯದ ಮೂಲಕ ಸಾಗಿ, ಋಣಾಗ್ರದ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಇದು ಕೆರೆ ತುಂಬುವ ಕ್ರಮ. ನಾವು ವಿದ್ಯುತ್ತನ್ನು ಬಳಸುವಾಗ ಅಯಾನುಗಳು ಒಳದಾರಿಯಲ್ಲಿ ಮರಳಿ ಬರುತ್ತವೆ. ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಸುತ್ತಿ ಬರುತ್ತವೆ. ಹೀಗೆ ಸುತ್ತಿ ಬರುವಾಗ ಅವು ನಮ್ಮ ದೀಪವನ್ನು ಬೆಳಗುತ್ತವೆ, ಮೋಟಾರನ್ನು ತಿರುಗಿಸುತ್ತವೆ.

ಬ್ಯಾಟರಿಯ ಗುಣದೋಷಗಳನ್ನೂ ಕೆರೆಯ ಭಾಷೆಯಲ್ಲಿಯೇ ಹೇಳಬಹುದು. ಅದು ಎಷ್ಟು ಶಕ್ತಿಯನ್ನು ಹಿಡಿಯಬಲ್ಲದೆಂಬುದು ಕೆರೆಯ ಅಂಗಳದ ವಿಸ್ತಾರವಿದ್ದಂತೆ. ಎಷ್ಟು ಬೇಗ ಚಾರ್ಜಾಗುತ್ತದೆಂಬುದು ಒಳಬರುವ ಕಾಲುವೆಯ ಅಗಲವಿದ್ದಂತೆ. ತುಂಬಿ ಬರಿದಾಗುವುದು ಸಾವಿರ ಸಲ ನಡೆದ ಮೇಲೆ ಕೋಶದ ಒಳಗೆ ಬೇಡದ ಪದಾರ್ಥಗಳು ಕಟ್ಟಿಕೊಂಡು ಸಾಮರ್ಥ್ಯ ಕುಗ್ಗುತ್ತದೆ. ಅದು ಕೆರೆಯಲ್ಲಿ ಹೂಳು ತುಂಬಿದಂತೆ. ಮಿತಿಮೀರಿ ಕಾದರೆ ಬೆಂಕಿ ಹತ್ತುವುದು ಏರಿ ಒಡೆದಂತೆ. ಹಿಂದೆ ನಮ್ಮ ಊರುಗಳಲ್ಲಿ ತೂಬನ್ನು ಎತ್ತಿ ಇಳಿಸಿ, ಗದ್ದೆಗದ್ದೆಗೂ ನೀರನ್ನು ಹಂಚುವ ನೀರುಗಂಟಿ ಇರುತ್ತಿದ್ದ. ದೊಡ್ಡ ಬ್ಯಾಟರಿಗಳಲ್ಲಿಯೂ ಪ್ರತಿ ಕೋಶದ ಮೇಲೆ ಕಣ್ಣಿಟ್ಟು ಕಾಯುವ ಒಂದು ವಿದ್ಯುನ್ಮಂಡಲವಿರುತ್ತದೆ. ಅದೇ ಅಲ್ಲಿಯ ನೀರುಗಂಟಿ.

ಈ ಶಾಸ್ತ್ರದ ಬೆಳವಣಿಗೆ ಒಂದು ದಿನದ್ದಲ್ಲ. ಇಟಲಿಯ ವೋಲ್ಟಾ 1800ರಲ್ಲಿ ಮೊದಲ ವಿದ್ಯುತ್ಕೋಶ ಶ್ರೇಣಿಯನ್ನು ಲೋಕಕ್ಕೆ ತಿಳಿಸಿದ. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ, ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಸೀಸ-ಆಮ್ಲ ಬ್ಯಾಟರಿಯನ್ನು ರಚಿಸಿದ. ಹಗುರವಾದ ಲಿಥಿಯಂ ಬ್ಯಾಟರಿಗೆ 1970ರ ದಶಕದಲ್ಲಿ ವಿಟಿಂಗ್‌ಹ್ಯಾಮ್ ಅಡಿಪಾಯ ಹಾಕಿದರು. 1980ರಲ್ಲಿ ಗುಡ್‌ಇನಫ್ ಅದಕ್ಕೆ ಉತ್ತಮ ಧನಾಗ್ರವನ್ನು ಒದಗಿಸಿದರು. 1985ರಲ್ಲಿ ಜಪಾನಿನ ಯೋಷಿನೊ ಬಳಕೆಗೆ ಯೋಗ್ಯವಾದ ರೂಪ ಕೊಟ್ಟರು. 1991ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಈ ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆತಾಗ ಗುಡ್‌ಇನಫ್ ಅವರಿಗೆ 97 ವರ್ಷ!

ಆದರೆ ಲಿಥಿಯಂ ಎಲ್ಲೆಡೆಯೂ ಸಿಗುವ ವಸ್ತುವಲ್ಲ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ-ಅಲ್ಲಾಪಟ್ಟಣ ಪ್ರದೇಶದಲ್ಲಿ ಅಂದಾಜು 1600 ಟನ್ನು ಲಿಥಿಯಂ ನಿಕ್ಷೇಪವಿದೆಯೆಂದು 2021ರಲ್ಲಿ ತಿಳಿದುಬಂದರೂ, ದೇಶದ ಅಗತ್ಯದ ಮುಂದೆ ಅದು ಅತ್ಯಲ್ಪ. ಹಾಗಾದರೆ ಎಲ್ಲೆಡೆಯೂ ಸಿಗುವ ಪದಾರ್ಥದಿಂದ ಬ್ಯಾಟರಿ ಮಾಡಲಾಗದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತಿರುವ ವಿಜ್ಞಾನಿಗಳು ಬೆಂಗಳೂರಿನಲ್ಲಿಯೂ ಇದ್ದಾರೆ. ಅಲ್ಲಿನ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ವಿಶ್ವವಿದ್ಯಾನಿಲಯಕ್ಕೆ ಸಮಾನವೆಂದು ಮಾನ್ಯತೆ ಪಡೆದಿರುವ ಆ ಸಂಸ್ಥೆಯ ಪ್ರಾಧ್ಯಾಪಕ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಸೋಡಿಯಂ ಅಯಾನು ಬ್ಯಾಟರಿಯಲ್ಲಿ ಒಂದು ಮುನ್ನಡೆ ಸಾಧಿಸಿತೆಂಬ ಸುದ್ದಿ 2025ರಲ್ಲಿ ಪ್ರಕಟವಾಯಿತು.

ಸೋಡಿಯಂ ಎಂದರೆ ನಮ್ಮ ಅಡುಗೆಮನೆಯ ಉಪ್ಪಿನಲ್ಲಿರುವ ಧಾತು. ಸಮುದ್ರದಲ್ಲಿ ಅದಕ್ಕೆ ಕೊರತೆಯಿಲ್ಲ. ಆದರೆ ಅದರ ಅಯಾನು ಲಿಥಿಯಮ್ಮಿನದಕ್ಕಿಂತ ದೊಡ್ಡದು. ಲಿಥಿಯಮ್ಮಿನ ಪರಮಾಣು ತೂಕ ಸುಮಾರು 7, ಸೋಡಿಯಮ್ಮಿನದು 23. ಕಿರಿದಾದ ಬಾಗಿಲಿನಲ್ಲಿ ಸ್ಥೂಲಕಾಯದ ಮನುಷ್ಯ ನುಗ್ಗುವಂತೆ ಅದರ ಸಂಚಾರ ನಿಧಾನ. ಈ ತೊಂದರೆಯನ್ನು ಕಳೆಯಲು ಸಂಶೋಧಕರು ಋಣಾಗ್ರದ ಪದಾರ್ಥದಲ್ಲಿ ಮೂರು ಉಪಾಯಗಳನ್ನು ಮಾಡಿದರು. ಕಣಗಳನ್ನು ಅತಿ ಸೂಕ್ಷ್ಮಗೊಳಿಸಿ ಅಯಾನು ನಡೆಯಬೇಕಾದ ದೂರವನ್ನು ತಗ್ಗಿಸಿದರು. ಅವುಗಳಿಗೆ ತೆಳುವಾದ ಇಂಗಾಲದ ಹೊದಿಕೆ ಕೊಟ್ಟರು. ಸ್ವಲ್ಪ ಅಲ್ಯೂಮಿನಿಯಮನ್ನು ಬೆರೆಸಿ ರಚನೆಯನ್ನು ಉತ್ತಮಪಡಿಸಿದರು. ಇದರ ಫಲವಾಗಿ ಬ್ಯಾಟರಿ ಆರು ನಿಮಿಷದಲ್ಲಿ ನೂರಕ್ಕೆ 80 ಪಾಲು ಚಾರ್ಜಾಗುತ್ತದೆ ಮತ್ತು 3000ಕ್ಕೂ ಹೆಚ್ಚು ಸಲ ತುಂಬಿ ಬರಿದಾಗಬಲ್ಲದು ಎಂದು ತಂಡ ತಿಳಿಸಿತು. ದಿನಕ್ಕೊಮ್ಮೆ ತುಂಬಿದರೆ ಇದು ಎಂಟು ವರ್ಷಗಳಿಗೂ ಮೀರಿದ ಆಯುಸ್ಸು.

ಹಾಗೆಂದು ನಾಳೆಯೇ ಈ ಬ್ಯಾಟರಿ ಸಂತೆಗೆ ಬರುತ್ತದೆಂದು ತಿಳಿಯಬಾರದು. ಪ್ರಯೋಗಶಾಲೆಯ ಕೋಶವೆಂದರೆ ಮಡಿಯಲ್ಲಿ ಮೊಳೆತ ಪೈರು. ಅದು ಹೊಲದ ಬಿಸಿಲು ಗಾಳಿಗಳನ್ನು ತಡೆದುಕೊಳ್ಳಬೇಕು. ದೊಡ್ಡ ಪ್ರಮಾಣದ ತಯಾರಿಕೆ, ಬೆಲೆ, ಸುರಕ್ಷತೆ ಇವೆಲ್ಲದರ ಪರೀಕ್ಷೆಯಲ್ಲಿಯೂ ಗೆಲ್ಲಬೇಕು. ಸಮಾನ ತೂಕದಲ್ಲಿ ಸೋಡಿಯಂ ಬ್ಯಾಟರಿ ಸಾಮಾನ್ಯವಾಗಿ ಲಿಥಿಯಂ ಬ್ಯಾಟರಿಗಿಂತ ಕಡಿಮೆ ಶಕ್ತಿಯನ್ನು ಹಿಡಿಯುತ್ತದೆ. ಜೇಬಿನ ಫೋನಿಗೆ ಇದು ಕೊರತೆಯೇ ಸರಿ. ಆದರೆ ಊರ ಹೊರಗೆ ನೆಲೆನಿಂತು ಬಿಸಿಲನ್ನು ಕೂಡಿಡುವ ಬ್ಯಾಟರಿಗೆ ತೂಕದ ಚಿಂತೆಯೇನು? ಕೆರೆಯನ್ನು ಯಾರೂ ಹೊತ್ತು ತಿರುಗುವುದಿಲ್ಲವಷ್ಟೆ!

ಎಷ್ಟು ದೊಡ್ಡ ಕೆರೆ ಬೇಕೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 10 ಅಶ್ವಶಕ್ತಿಯ ಪಂಪು, ಮೋಟಾರಿನ ನಷ್ಟವನ್ನು ಬಿಟ್ಟರೂ, ಸುಮಾರು ಏಳೂವರೆ ಕಿಲೋವ್ಯಾಟ್ ವಿದ್ಯುತ್ತನ್ನು ಬೇಡುತ್ತದೆ. ನಾಲ್ಕು ಗಂಟೆ ನಡೆದರೆ 30 ಯೂನಿಟ್ಟು. ಮೊಬೈಲು ಫೋನಿನ ಬ್ಯಾಟರಿ ಸುಮಾರು 15 ವ್ಯಾಟ್-ಗಂಟೆ ಹಿಡಿಯುತ್ತದೆಂದುಕೊಂಡರೆ, ಒಂದು ಪಂಪಿನ ನಾಲ್ಕು ಗಂಟೆಯ ಕೆಲಸಕ್ಕೆ ಅಂಥ 2000 ಬ್ಯಾಟರಿಗಳು ಬೇಕು! ಆದುದರಿಂದ ಹಗಲಿನ ಬಿಸಿಲಿನಿಂದ ಹಗಲಿನಲ್ಲಿಯೇ ಪಂಪು ನಡೆಸಿ, ಉಳಿದದ್ದನ್ನು ಬ್ಯಾಟರಿಯಲ್ಲಿ ತುಂಬಿ, ಸಂಜೆಯ ದೀಪಕ್ಕೆ ಬಳಸುವುದು ಜಾಣತನ. ಆಗ ರೈತನ ಸರದಿ ನಡುರಾತ್ರಿಯಿಂದ ಹಗಲಿಗೆ ಬರುತ್ತದೆ. ಅವನ ಮಗ ರಾತ್ರಿ ಮನೆಯಲ್ಲಿ ಮಲಗುತ್ತಾನೆ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ನಮ್ಮ ಸೀಮೆಯ ಎಷ್ಟೋ ಕೊಳವೆ ಬಾವಿಗಳು ಸಾವಿರ ಅಡಿಗಿಂತ ಆಳಕ್ಕೆ ಇಳಿದಿವೆ. ಬ್ಯಾಟರಿ ವಿದ್ಯುತ್ತನ್ನು ಕೂಡಿಡಬಲ್ಲದೇ ಹೊರತು ನೀರನ್ನು ಸೃಷ್ಟಿಸಲಾರದು. ವಿದ್ಯುತ್ತು ಸದಾ ದೊರೆಯಿತೆಂದು ಹಗಲಿರುಳು ಅಂತರ್ಜಲವನ್ನು ಸೆಳೆದರೆ, ತುಂಬಿದ ಬ್ಯಾಟರಿಯ ಪಕ್ಕದಲ್ಲಿ ಬರಿದಾದ ಬಾವಿ ಉಳಿದೀತು. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿರುವುದು ಬತ್ತಿದ ನೆಲಕ್ಕೆ ನೀರು ತುಂಬುವ ಒಂದು ಪ್ರಯತ್ನ. ವಿದ್ಯುತ್ತಿನ ಕೆರೆಯೊಂದಿಗೆ ನೀರಿನ ಕೆರೆಯೂ ಉಳಿದರೆ ಮಾತ್ರ ತೋಟ ಹಸಿರಾಗುತ್ತದೆ.

ಚಿನ್ನಕ್ಕಾಗಿ ನಮ್ಮ ಜಿಲ್ಲೆಯ ಜನ ನೆಲದೊಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದರು. 2001ರಲ್ಲಿ ಆ ಗಣಿಗಳು ಮುಚ್ಚಿದವು. ನಾಳೆಯ ಸಂಪತ್ತು ಅಷ್ಟು ಆಳದಲ್ಲಿಯೇ ಇರಬೇಕೆಂದೇನೂ ಇಲ್ಲ. ಅದು ತಲೆಯ ಮೇಲಿನ ಬಿಸಿಲಿನಲ್ಲಿ ಮತ್ತು ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿಯೂ ಇರಬಹುದು. ಅದನ್ನು ಅಗೆಯಲು ಬೇಕಾದ ಹಾರೆ ಗುದ್ದಲಿಗಳು ವಿಜ್ಞಾನದ ಪುಸ್ತಕದಲ್ಲಿವೆ. ಅವನ್ನು ಹಿಡಿಯಬೇಕಾದ ಮಕ್ಕಳು ಮೊದಲ ಪಾಠದಲ್ಲಿ ಎಚ್ಚರವಾಗಿರಬೇಕು. ಹಾಗೆ ಎಚ್ಚರವಾಗಿರಲು ಅವರಿಗೆ ರಾತ್ರಿಯ ನಿದ್ರೆಯನ್ನು ದೊರಕಿಸಿಕೊಡುವುದು ಹಿರಿಯರಾದ ನಮ್ಮೆಲ್ಲರ ಹೊಣೆ.