ಉಳಿದ ಚಿನ್ನಕ್ಕೆ ಚಿಕ್ಕ ಕಾಯಿಲ್

1980ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕಿಂಗೋವರ್ ಎಂಬ ಪುಟ್ಟ ಊರಿನ ಬಳಿ ಗ್ಯಾರೆಟ್ ಕಂಪನಿಯ ಲೋಹಶೋಧಕ ಹಿಡಿದು ಓಡಾಡುತ್ತಿದ್ದ ಒಬ್ಬರಿಗೆ ಜೋರಾದ ಸದ್ದು ಕೇಳಿಸಿತು. ಅಗೆದರೆ ಒಂದಡಿ ಆಳದಲ್ಲಿ 27 ಕಿಲೋ ದಾಟಿದ ಚಿನ್ನದ ಗಟ್ಟಿ! ‘ಹ್ಯಾಂಡ್ ಆಫ್ ಫೇತ್’ ಎಂದು ಹೆಸರಾದ ಅದನ್ನು ಲಾಸ್ ವೇಗಾಸ್‌ನ ಗೋಲ್ಡನ್ ನಗೆಟ್ ಕ್ಯಾಸಿನೊ ಹತ್ತು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡುಕೊಂಡಿತು. ಲೋಹಶೋಧಕಕ್ಕೆ ಸಿಕ್ಕ ಗಟ್ಟಿಗಳಲ್ಲಿ ಅದನ್ನು ಮೀರಿಸಿದ್ದು ಇಲ್ಲಿಯವರೆಗೂ ಬಂದಿಲ್ಲ.

ಡನೊಲಿ, ಟರ್ನಗುಲ್ಲ, ಮೇರಿಬರೊ ಊರುಗಳ ಸುತ್ತಲಿನ ಆ ಸೀಮೆಗೆ ‘ಚಿನ್ನದ ತ್ರಿಕೋನ’ ಎನ್ನುತ್ತಾರೆ. ಇವತ್ತು ಅಲ್ಲಿ ಹುಡುಕುವವರು 0.1 ಗ್ರಾಂ ಚೂರಿಗೂ ಮೊಣಕಾಲೂರಿ ಮಣ್ಣು ಕೆದಕುತ್ತಾರೆ. ಚಿನ್ನ ಬಹಳ ಸಾಂದ್ರ. ಅಷ್ಟು ತೂಕದ ಚೂರು ಸಾಸಿವೆ ಕಾಳಿಗಿಂತ ಹೆಚ್ಚೇನೂ ದೊಡ್ಡದಿರುವುದಿಲ್ಲ. ಅದನ್ನು ಹಿಡಿಯಲು ಅವರು ಯಂತ್ರದ ಜೊತೆ ಬಂದ 11 ಇಂಚಿನ ಕಾಯಿಲ್ (ನೆಲದ ಮೇಲೆ ಬೀಸುವ, ತಂತಿ ಸುರುಳಿಯ ತಟ್ಟೆ) ಬಿಚ್ಚಿಟ್ಟು, ಬೇರೆ ತಯಾರಕರ 8×6 ಅಥವಾ 10×5 ಇಂಚಿನ ಕಾಯಿಲ್ ಸಿಕ್ಕಿಸಿಕೊಂಡಿರುತ್ತಾರೆ. ಯಂತ್ರಗಳ ಶಕ್ತಿ ವರ್ಷವರ್ಷಕ್ಕೂ ಹೆಚ್ಚುತ್ತಿದ್ದಾಗ ಕಾಯಿಲ್ ಮಾತ್ರ ಏಕೆ ಕುಗ್ಗುತ್ತ ಬಂತು ಎಂಬುದಕ್ಕೆ ಉತ್ತರ ಆ ನೆಲದ ಚರಿತ್ರೆಯಲ್ಲಿದೆ.

ನಮಗೆ ಚಿನ್ನದ ಗಣಿ ಎಂದರೆ ಕೋಲಾರ ನೆನಪಾಗುತ್ತದೆ. ಅಲ್ಲಿನದು ಬಿಳಿಕಲ್ಲಿನ ಪದರದೊಳಗೆ ಕಣಕಣವಾಗಿ ಹುದುಗಿದ್ದ ಚಿನ್ನ. ಅದನ್ನು ಬೆನ್ನಟ್ಟಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಲೋಹಶೋಧಕಕ್ಕೆ ಅಲ್ಲಿ ಕೆಲಸವಿರಲಿಲ್ಲ. ವಿಕ್ಟೋರಿಯಾದಲ್ಲಿ ಬಂಡೆ ಸವೆದು, ಅದರೊಳಗಿನ ಗಟ್ಟಿಗಳು ಕಳಚಿ ಮೇಲ್ಮಣ್ಣಿನಲ್ಲೇ ಉಳಿದವು. 1869ರಲ್ಲಿ ಮೊಲಿಯಾಗುಲ್‌ನಲ್ಲಿ ಸಿಕ್ಕ ‘ವೆಲ್ಕಮ್ ಸ್ಟ್ರೇಂಜರ್’ ಎಂಬ ಮಹಾಗಟ್ಟಿ ಮಣ್ಣಿನಡಿ ಕೆಲವೇ ಸೆಂಟಿಮೀಟರ್ ಕೆಳಗೆ, ಮರದ ಬೇರಿನ ಬಳಿ ಇತ್ತು. 1851ರಿಂದ ಜನ ಮುಗಿಬಿದ್ದು ಎಲ್ಲೆಡೆ ಬಾವಿ ತೋಡಿದರು. ಮಣ್ಣು ತೆಳುವಾಗಿದ್ದ ಕಡೆ ಮೇಲ್ಪದರವನ್ನೇ ಹೆರೆದು ಒಯ್ದು ತೊಳೆದರು. ಹಾಗೆ ಹೆರೆದ ಜಾಗಗಳು, ಬಾವಿಯ ಬಾಯಲ್ಲಿ ಸುರಿದ ಮಣ್ಣುಗುಡ್ಡೆಗಳು ಕಾಡಿನೊಳಗೆ ಇಂದೂ ಕಾಣುತ್ತವೆ. ಅವಸರದ ಕೈಗಳು ಬಿಟ್ಟುಹೋದ ಚೂರುಗಳು ಅಲ್ಲಿವೆ. ಬ್ಯಾಲರಾಟ್‌ನ ಗಣಿಗಾರರ ಯುರೇಕಾ ದಂಗೆಯ ಮರುವರ್ಷ, 1855ರಲ್ಲಿ, ಜಾರಿಗೆ ಬಂದ ‘ಮೈನರ್ಸ್ ರೈಟ್’ ಎಂಬ ಪರವಾನಗಿ ಈಗಲೂ ನಡೆಯುತ್ತಿದೆ. ಅಲ್ಪ ಶುಲ್ಕ ಕಟ್ಟಿದರೆ ಹತ್ತು ವರ್ಷ ಯಾರಾದರೂ ಕೈ ಸಲಕರಣೆ ಹಿಡಿದು, ಅನುಮತಿಯಿರುವ ಜಾಗಗಳಲ್ಲಿ ಹುಡುಕಬಹುದು. ಸಿಕ್ಕ ಚಿನ್ನ ಸಿಕ್ಕವರದು. ವಾರಾಂತ್ಯಕ್ಕೆ ಚಿನ್ನ ಹುಡುಕಲು ಹೊರಡುವ ಸಾಮಾನ್ಯ ಜನ ಅಲ್ಲಿ ಹುಟ್ಟಿಕೊಂಡದ್ದು, ಅವರಿಗಾಗಿ ಕಾಯಿಲ್ ಸುತ್ತುವ ಚಿಕ್ಕ ಕಾರ್ಖಾನೆಗಳು ಬೆಳೆದದ್ದು ಈ ಕಾರಣದಿಂದಲೇ.

ಸುರುಳಿಯಿಂದ ಲೋಹ ಹುಡುಕುವ ಕಲೆ ಹಳೆಯದು. 1881ರಲ್ಲಿ ಗ್ರಹಾಂ ಬೆಲ್ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ರ ಮೈಯೊಳಗಿನ ಗುಂಡನ್ನು ಹೀಗೆ ಹುಡುಕಲು ಹೋಗಿ ಸೋತರು. 1937ರಲ್ಲಿ ಗೆರ್ಹಾರ್ಡ್ ಫಿಶರ್ ಲೋಹಶೋಧಕಕ್ಕೆ ಪೇಟೆಂಟ್ ಪಡೆದರು. ಆದರೆ ವಿಕ್ಟೋರಿಯಾದ ಕೆಂಪು ಮಣ್ಣು ಈ ಯಂತ್ರಗಳ ಹಗೆ. ಕಬ್ಬಿಣ ತುಂಬಿದ ಆ ನೆಲವೇ ಲೋಹದಂತೆ ಕೂಗುತ್ತದೆ. ನೆಲದ ಸದ್ದನ್ನು ತಕ್ಕಮಟ್ಟಿಗೆ ಅಡಗಿಸಬಲ್ಲ ಯಂತ್ರಗಳು 1970ರ ದಶಕದಲ್ಲಿ ಬಂದವು. ಚಿನ್ನದ ಬೆಲೆಯೂ ಆಗಲೇ ಗಗನಕ್ಕೇರಿ 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿತ್ತು. ಕಿಂಗೋವರ್‌ನ ಗಟ್ಟಿ ಆ ಭರಾಟೆಯ ಫಲ.

ನಿಜವಾದ ತಿರುವು ಅಡಿಲೇಡ್‌ನಿಂದ ಬಂತು. 1985ರಲ್ಲಿ ಅಲ್ಲಿ ಶುರುವಾದ ಮೈನ್‌ಲ್ಯಾಬ್ ಕಂಪನಿ, ಬ್ರೂಸ್ ಕ್ಯಾಂಡಿ ಎಂಬ ವಿಜ್ಞಾನಿಯ ಕೆಲಸದ ಬಲದಿಂದ, 1995ರಲ್ಲಿ ಎಸ್‌ಡಿ 2000 ಎಂಬ ಯಂತ್ರ ತಂದಿತು. ಅದು ಸುರುಳಿಗೆ ವಿದ್ಯುತ್ತಿನ ಮಿಡಿತ ಕೊಟ್ಟು, ಥಟ್ಟನೆ ನಿಲ್ಲಿಸಿ, ಆಮೇಲೆ ನೆಲದೊಳಗಿನ ಲೋಹದ ಮರುದನಿಗೆ ಕಿವಿಗೊಡುವ ಬಗೆಯದು. ಕೆಂಪು ಮಣ್ಣು ಅದರ ಮುಂದೆ ಬಹುಮಟ್ಟಿಗೆ ಸುಮ್ಮನಾಯಿತು. ಹಿಂದಿನವರು ಖಾಲಿ ಎಂದು ಕೈಬಿಟ್ಟಿದ್ದ ನೆಲ ಮತ್ತೆ ಚಿನ್ನ ಕೊಡತೊಡಗಿತು.

ಆ ಯಂತ್ರದಿಂದ ಹಿಡಿದು ಅದೇ ಕಂಪನಿಯ ಜಿಪಿಎಕ್ಸ್ 5000ವರೆಗೂ ಕಾಯಿಲ್ ಸಿಕ್ಕಿಸುವ ಐದು ಪಿನ್ನಿನ ಪ್ಲಗ್ ಬದಲಾಗಲಿಲ್ಲ. ಒಂದು ಯಂತ್ರಕ್ಕೆ ಮಾಡಿದ ಕಾಯಿಲ್ ಮುಂದಿನದಕ್ಕೂ ಹೊಂದುತ್ತಿತ್ತು. ನನ್ನ ಮಟ್ಟಿಗೆ ಈ ಕಥೆಯ ನಾಯಕ ಆ ಪ್ಲಗ್ಗೇ. ಮೇರಿಬರೊದ ಕಾಯಿಲ್‌ಟೆಕ್, ನಗೆಟ್ ಫೈಂಡರ್‌ನಂಥ ತಯಾರಕರು ತಮ್ಮದೇ ಕಾಯಿಲ್‌ಗಳನ್ನು ಮಾರಲು ಅದೇ ದಾರಿ ಮಾಡಿಕೊಟ್ಟಿತು. ಮೊದಮೊದಲು ಎಲ್ಲರ ಆಸೆ ಆಳದ ಮೇಲಿತ್ತು. 18 ಇಂಚು, ಅದಕ್ಕೂ ದೊಡ್ಡ ಕಾಯಿಲ್‌ಗಳನ್ನು ತೋಳು ಸೋಲುವವರೆಗೆ ಬೀಸಿದರು. ಆಳದ ದೊಡ್ಡ ಗಟ್ಟಿಗಳು ಅಪರೂಪವಾದಂತೆ ನೋಟ ಮೇಲ್ಮಣ್ಣಿಗೆ ಮರಳಿತು: ಯಂತ್ರದ ಕಣ್ಣು ತಪ್ಪಿಸಿ ಎರಡಂಗುಲದೊಳಗೇ ಉಳಿದವು ಎಷ್ಟಿರಬಹುದು? ನಗೆಟ್ ಫೈಂಡರ್‌ನ ‘ಸೇಡಿ’ ಎಂಬ 8×6 ಇಂಚಿನ ಕಾಯಿಲ್ ಹೆಸರು ಮಾಡಿದ್ದು ಈ ಹುಡುಕಾಟದಲ್ಲಿ.

ಇದರ ಹಿಂದಿನ ಲೆಕ್ಕ ಸರಳ, ಆದರೆ ಮನಸ್ಸಿಗೆ ಹಿಡಿಸುವಂಥದ್ದು. ಎರಡು ದುಂಡು ಕಾಯಿಲ್ ತೆಗೆದುಕೊಳ್ಳೋಣ, ಒಂದು 11 ಇಂಚು, ಇನ್ನೊಂದು ಅದರರ್ಧ. ತಂತಿಯ ಸುತ್ತು, ಹರಿಯುವ ವಿದ್ಯುತ್ತು ಎರಡರಲ್ಲೂ ಒಂದೇ. ಚೂರು ಸರಿಯಾಗಿ ಕಾಯಿಲ್‌ನ ನಡುವಿನ ಕೆಳಗಿದೆ. ಎರಡೂವರೆ ಸೆಂಟಿಮೀಟರ್ ಆಳದಲ್ಲಿ ಚಿಕ್ಕದು ದೊಡ್ಡದಕ್ಕಿಂತ ಸುಮಾರು ಮೂರು ಪಟ್ಟು ಬಲವಾದ ಸದ್ದು ಕೊಡುತ್ತದೆ. ಐದು ಸೆಂಟಿಮೀಟರಿಗೆ ಆ ಮೇಲುಗೈ ಒಂದೂವರೆ ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ. ಹದಿನೈದಕ್ಕೆ ಹೋದರೆ ದೊಡ್ಡದೇ ನಾಲ್ಕು ಪಟ್ಟು ಮುಂದೆ. ದೊಡ್ಡ ಕಾಯಿಲ್‌ನ ಕಾಂತಕ್ಷೇತ್ರ ದೂರ ಹೋಗುತ್ತದೆ, ಆದರೆ ಅಗಲವಾಗಿ ಹರಡಿ ಹತ್ತಿರದಲ್ಲಿ ತೆಳುವಾಗುತ್ತದೆ. ಚಿಕ್ಕದರದು ಹತ್ತಿರದಲ್ಲಿ ದಟ್ಟ, ಬೇಗನೆ ಮುಗಿಯುವಂಥದ್ದು. ಇದಕ್ಕೆ ನೆಲದ ಗದ್ದಲವನ್ನೂ ಸೇರಿಸಿಕೊಳ್ಳಬೇಕು. ಚಿಕ್ಕ ಕಾಯಿಲ್ ಒಂದು ಹೊತ್ತಿಗೆ ನೋಡುವ ಮಣ್ಣು ಕಡಿಮೆ, ಹಾಗಾಗಿ ಕಬ್ಬಿಣ ತುಂಬಿದ ಮಣ್ಣಿನಲ್ಲೂ ಅದು ಶಾಂತವಾಗಿರುತ್ತದೆ. ಯಂತ್ರದ ಸೂಕ್ಷ್ಮತೆಯನ್ನು ಇನ್ನಷ್ಟು ಏರಿಸಬಹುದು.

ಗಾತ್ರ ಇಳಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಚೂರು ಸಣ್ಣದಾದಷ್ಟೂ ಅದರೊಳಗೆ ಎದ್ದ ಸುಳಿ ವಿದ್ಯುತ್ತು ಬೇಗ ಆರಿಹೋಗುತ್ತದೆ, ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ. ಮಿಡಿತ ನಿಂತ ಮೇಲೆ ಕಾಯಿಲ್ ತಾನೇ ಗುಂಯ್ಗುಡುತ್ತಿದ್ದರೆ ಆ ಮರುದನಿ ಅದರಡಿ ಮುಳುಗಿಹೋಗುತ್ತದೆ. ಆದ್ದರಿಂದ ಹೊರಗಿನ ತಯಾರಕರು ತಂತಿಯ ಮೇಲೆ ಕೈಯಿಟ್ಟರು. ಒಂದೇ ದಪ್ಪ ತಂತಿಯ ಬದಲು ನೂರಾರು ನವುರು ಎಳೆಗಳನ್ನು ಹೊಸೆದ ಲಿಟ್ಜ್ ತಂತಿ ಬಳಸಿದರು. ಕಂತೆಯಾಗಿ ಸುತ್ತುವುದನ್ನು ಬಿಟ್ಟು, ಚಪ್ಪಟೆಯಾಗಿ ಒಂದರ ಪಕ್ಕ ಒಂದು ಸುತ್ತು ಬರುವಂತೆ ಹಾಸಿದರು. ಇದರಿಂದ ಕಾಯಿಲ್ ಬೇಗ ಸುಮ್ಮನಾಗುತ್ತದೆ, ಯಂತ್ರ ಬೇಗ ಕಿವಿ ತೆರೆಯಬಹುದು. ಹೊರನೋಟಕ್ಕೆ ಒಂದೇ ಅಳತೆಯ ಎರಡು ಕಾಯಿಲ್‌ಗಳು ಒಂದೇ ನೆಲದಲ್ಲಿ ಬೇರೆಬೇರೆಯಾಗಿ ಕೆಲಸ ಮಾಡುವುದಕ್ಕೆ ಈ ಸುತ್ತುವಿಕೆಯ ಕೈಚಳಕವೇ ಕಾರಣ. ಆ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ.

ಮೈನ್‌ಲ್ಯಾಬ್ ಕೂಡ ಇದನ್ನು ಗಮನಿಸದೆ ಇರಲಿಲ್ಲ. 2014ರ ಎಸ್‌ಡಿಸಿ 2300 ಯಂತ್ರಕ್ಕೆ 8 ಇಂಚಿನ ಕಾಯಿಲ್ಲನ್ನೇ ಖಾಯಂ ಕೂರಿಸಿತು. ಚಿಕ್ಕ ಚಿನ್ನಕ್ಕೆಂದೇ ಹುಟ್ಟಿದ ಯಂತ್ರವದು. ಮರುವರ್ಷದ ಜಿಪಿಝಡ್ 7000 ಮಾತ್ರ ಬೇರೆ ದಾರಿ ಹಿಡಿಯಿತು. 14×13 ಇಂಚಿನ ಭಾರಿ ಕಾಯಿಲ್, ಅದರೊಳಗೆ ಬೇರೆಯವರ ಕಾಯಿಲ್ ನಡೆಯದಂತೆ ತಡೆಯುವ ಗುರುತಿನ ಚಿಪ್. ಕಂಪನಿ ಹೆಚ್ಚುವರಿಯಾಗಿ ತಂದದ್ದು ಇನ್ನೂ ದೊಡ್ಡ 19 ಇಂಚಿನದು. ಚಿಕ್ಕದು ಬೇಕೆಂದು ಹಂಬಲಿಸಿದವರು ರಷ್ಯಾದಲ್ಲಿ ತಯಾರಾದ ಕಾಯಿಲ್ ತರಿಸಿಕೊಂಡು, ಅದನ್ನು ಜೋಡಿಸಲು ತಮ್ಮ ದುಬಾರಿ ಮೂಲ ಕಾಯಿಲ್‌ನ ಕೇಬಲ್ಲನ್ನೇ ಕತ್ತರಿಸಿದರು. ಚಿಕ್ಕ ಕಾಯಿಲ್‌ನ ಹಸಿವು ಎಷ್ಟಿತ್ತು ಎನ್ನಲು ಬೇರೆ ಸಾಕ್ಷಿ ಬೇಡ. 2021ರಲ್ಲಿ ಜಿಪಿಎಕ್ಸ್ 6000 ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು. ಅದಕ್ಕೂ ಚಿಪ್ ಇದೆ; ಆದರೆ ಮೈನ್‌ಲ್ಯಾಬ್ ಒಪ್ಪಿಗೆಯೊಡನೆಯೇ ಕಾಯಿಲ್‌ಟೆಕ್‌ನ 10×5, 9 ಇಂಚು, 14×9 ಇಂಚಿನ ‘ಗೋಲ್ಡ್‌ಹಾಕ್’ ಕಾಯಿಲ್‌ಗಳು ಹೊರಬಂದವು. ನಗೆಟ್ ಫೈಂಡರ್‌ನವರೂ ತಮ್ಮವನ್ನು ತಂದರು.

ಹಾಗಿದ್ದರೆ ಯಾವುದನ್ನು ಕೊಳ್ಳಬೇಕು? ಅಂಗಡಿಯವರ ಮಾತಿಗಿಂತ ಮೊದಲು ಕೇಳಬೇಕಾದ್ದು ನೆಲದ ಮಾತು. ನೀವು ಹೋಗುವ ಜಾಗದಲ್ಲಿ ಬಂಡೆ ಅಥವಾ ಗಟ್ಟಿ ಜೇಡಿ ಎಷ್ಟು ಆಳಕ್ಕೆ ಸಿಗುತ್ತದೆ? ಹಳಬರು ಹೆರೆದು ಬಿಟ್ಟ ತೆಳು ಮಣ್ಣಾದರೆ, ಮಣ್ಣುಗುಡ್ಡೆಗಳಾದರೆ, ಬಂಡೆ ಬಿರುಕುಗಳಾದರೆ ಚಿಕ್ಕದಕ್ಕೆ ಸಾಟಿಯಿಲ್ಲ. ಪೊದೆ, ಬೇರು, ಕಲ್ಲುಗಳ ನಡುವೆ ಮೂತಿ ತೂರಿಸಬೇಕಿದ್ದರೆ ದುಂಡಗಿನದಕ್ಕಿಂತ ಉದ್ದನೆಯದು ಅನುಕೂಲ. ಅದರ ತುದಿಯ ಬಳಿ ಕ್ಷೇತ್ರ ದಟ್ಟವಾಗಿರುವುದರಿಂದ ಚೂರಿನ ಜಾಗ ಬೊಟ್ಟುಮಾಡಿ ತೋರಿಸುವುದೂ ಸುಲಭ. ಒಂದೇ ಸುರುಳಿ ಕಳಿಸಿ-ಕೇಳುವ ‘ಮೊನೊ’ ಕಾಯಿಲ್ ಚಿಕ್ಕ ಚೂರಿಗೆ ಹೆಚ್ಚು ಸೂಕ್ಷ್ಮ. ನೆಲ ತೀರ ಗಲಾಟೆ ಮಾಡಿದರೆ ಎರಡು ಸುರುಳಿಯ ‘ಡಬಲ್ ಡಿ’ ನೆಮ್ಮದಿ. ಯಂತ್ರ, ಪ್ಲಗ್, ಚಿಪ್ ಹೊಂದುತ್ತವೆಯೇ ಎಂದು ದುಡ್ಡು ಕೊಡುವ ಮುಂಚೆ ಖಚಿತಪಡಿಸಿಕೊಳ್ಳಲೇಬೇಕು.

ಚಿಕ್ಕ ಕಾಯಿಲ್ ಕೇಳುವ ಬೆಲೆಯೂ ಇದೆ. ಒಂದು ಬೀಸಿಗೆ ಅದು ಮುಟ್ಟುವ ನೆಲ ಕಡಿಮೆ. ಸಾಲು ಬಿಡದೆ, ಒಂದರ ಮೇಲೊಂದು ಹಾಯುವಂತೆ, ನೆಲಕ್ಕೆ ತಾಗಿಸಿಕೊಂಡು ನಿಧಾನ ಬೀಸಬೇಕು. ಎತ್ತಿ ಹಿಡಿದ ಎರಡು ಬೆರಳಿನ ಅಂತರವೇ ಅದರ ಮೇಲುಗೈಯನ್ನು ನುಂಗಿಬಿಡುತ್ತದೆ. ಹಳೆಯ ಬೂಟಿನ ಮೊಳೆ, ಬಂದೂಕಿನ ಸೀಸದ ಗುಂಡು, ತಂತಿಯ ತುಣುಕುಗಳೆಲ್ಲ ಈಗ ಕೂಗುತ್ತವೆ, ಎಲ್ಲವನ್ನೂ ಅಗೆಯಬೇಕು. ಆದ್ದರಿಂದ ಗೊತ್ತಿಲ್ಲದ ಜಾಗಕ್ಕೆ ಮೊದಲ ದಿನವೇ ಚಿಕ್ಕದನ್ನು ಒಯ್ಯುವುದು ನನಗೆ ಸರಿಕಾಣುವುದಿಲ್ಲ. 11 ಇಂಚಿನದರಿಂದ ನೆಲ ಅಳೆದು, ಒಂದು ಚೂರು ಸಿಕ್ಕ ಮೇಲೆ ಅದರ ಸುತ್ತಲಿನ ಕೆಲವು ಮಾರುಗಳಿಗೆ ಚಿಕ್ಕದನ್ನು ಇಳಿಸುವುದು ಜಾಣತನ. ಒಂದು ಚೂರಿದ್ದಲ್ಲಿ ಮತ್ತಷ್ಟು ಇರುವುದುಂಟು, ಬಂಡೆಯಿಂದ ಕಳಚಿದ ಚಿನ್ನ ಸಾಮಾನ್ಯವಾಗಿ ಚದುರಿ ಬಿದ್ದಿರುವುದು ಹಾಗೆಯೇ. ತೋಡಿದ ಪ್ರತಿ ಗುಂಡಿಯನ್ನೂ ಮುಚ್ಚುವುದು ಅಲ್ಲಿನ ಕಟ್ಟಳೆ; ಎರಡಂಗುಲದ ಗುಂಡಿಗೆ ಅಂಗೈಯಷ್ಟು ಮಣ್ಣು ಸಾಕು.