ಹನ್ನೆರಡು ತಿಂಗಳು, ಒಂದೇ ಹಾಳೆ

ಮಗುವಿಗೆ ವರ್ಷ ತುಂಬುತ್ತಿದೆ. ತಿಂಗಳಿಗೊಂದರಂತೆ ಹನ್ನೆರಡು ಫೋಟೊ ಸೇರಿಸಿ ಕೊಲಾಜ್ ಪೋಸ್ಟರ್ ಮಾಡಿಸುವ ಆಸೆ ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟಿನಲ್ಲೂ ಪೀಣ್ಯದ ವಠಾರದಲ್ಲೂ ಒಂದೇ. ಕೊಲಾಜ್ ಎಂದರೆ ಹಲವು ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಜೋಡಿಸುವುದು. ತೊಡಕಾಗುವುದು ಕ್ರಾಪ್ ಮಾಡುವಾಗ, ಅಂದರೆ ಚೌಕಕ್ಕೆ ಕೂರುವಂತೆ ಫೋಟೊದ ಅಂಚು ಕತ್ತರಿಸುವಾಗ.

ಮೊದಲು ಅಳತೆ. ಡಿಜಿಟಲ್ ಪ್ರಿಂಟ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 12x18 ಇಂಚಿನ ಹಾಳೆ. ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕರಂತೆ ಮೂರೂವರೆ ಇಂಚಿನ ಚೌಕಗಳು ಆರಾಮಾಗಿ ಕೂರುತ್ತವೆ. ಅಂಚಿಗೆ ಅರ್ಧ ಇಂಚು, ನಡುವೆ ಕಾಲು ಇಂಚು ಬಿಡಿ. ಮೇಲೆ ಹೆಸರಿಗೆ ಎರಡೂಕಾಲು ಇಂಚು ಜಾಗ ಉಳಿಯುತ್ತದೆ. ಅಂಚಿನ ಆ ಅರ್ಧ ಇಂಚು ದಂಡವಲ್ಲ. ಹಾಳೆ ಕತ್ತರಿಸುವಾಗ ಕೊಂಚ ಆಚೀಚೆಯಾದರೂ ಫೋಟೊಗೆ ಏಟು ಬೀಳುವುದಿಲ್ಲ.

ಫೋನು ನೆಟ್ಟಗೆ ಹಿಡಿದು ತೆಗೆದ ಫೋಟೊ ಸಾಮಾನ್ಯವಾಗಿ ಮೂರಕ್ಕೆ ನಾಲ್ಕರ ಅಳತೆಯದು. ಚೌಕ ಮಾಡಿದರೆ ಕಾಲು ಭಾಗ ಹೋಗಲೇಬೇಕು. ಎಳೆದು ತುಂಬಿಸಲು ಹೋಗಬೇಡಿ, ಮಗುವಿನ ಮುಖವೇ ಅಗಲವಾಗುತ್ತದೆ. ಒಂದು ನಕಲು ಮಾಡಿಟ್ಟುಕೊಂಡು, ಗ್ಯಾಲರಿಯ ಎಡಿಟ್‌ನಲ್ಲಿ ಕ್ರಾಪ್ ಒತ್ತಿ, 1:1 ಆರಿಸಿ. ಆಮೇಲೆ ಬೆರಳಿನಿಂದ ಫೋಟೊ ಸರಿಸುತ್ತಾ ನೋಡಿ.

ಅಂಗಡಿಯವರೇ ಮಾಡಿಕೊಡುತ್ತಾರಲ್ಲ ಎನ್ನಬಹುದು. ಮಾಡುತ್ತಾರೆ, ಆದರೆ ಅವರು ನೋಡುವುದು ಮುಖ ಮಾತ್ರ. ಮೂರನೇ ತಿಂಗಳ ಫೋಟೊದಲ್ಲಿ, ಕತ್ತು ಇನ್ನೂ ನಿಲ್ಲದ ಕೂಸಿನ ತಲೆಗೆ ಆಸರೆಯಾದ ಹಸಿರು ಬಳೆಯ ಕೈ ಬಾಣಂತನಕ್ಕೆಂದು ಊರಿಂದ ಬಂದ ಅಜ್ಜಿಯದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಮಣಿಕಟ್ಟಿನಲ್ಲಿ ಕತ್ತರಿ ಬಿದ್ದರೆ ಬರೀ ಬೆರಳುಗಳು ಎಲ್ಲಿಂದಲೋ ಬಂದಂತೆ ಕಾಣುತ್ತವೆ. ಬಳೆ ದಾಟಿ ಮುಂಗೈ ಪೂರ್ತಿ ಇರಲಿ. ಅದಕ್ಕಾಗಿ ಮಗುವಿನ ಮುಖ ಸ್ವಲ್ಪ ಚಿಕ್ಕದಾದರೂ ಚಿಂತೆಯಿಲ್ಲ.

ಹೀಗೆ ಕತ್ತರಿಸಿದರೆ ಫೋಟೊ ಮಸುಕಾಗುವುದೇ? ಮುದ್ರಣ ಸ್ಫುಟವಾಗಿ ಬರಲು ಇಂಚಿಗೆ 300 ಪಿಕ್ಸೆಲ್, ಅಂದರೆ ಅಷ್ಟು ಚುಕ್ಕಿಗಳಿದ್ದರೆ ಒಳ್ಳೆಯದು. ಮೂರೂವರೆ ಇಂಚಿಗೆ 1050. 12 ಮೆಗಾಪಿಕ್ಸೆಲ್ ಫೋಟೊದಲ್ಲಿ ಅಡ್ಡಕ್ಕೇ 3000 ಇರುತ್ತವೆ, ಅರ್ಧ ಅಗಲ ಉಳಿಸಿಕೊಂಡರೂ ಧಾರಾಳ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಮಾತ್ರ ಕುಗ್ಗಿರುತ್ತದೆ. ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸಲು ಹೇಳಿ.

ಪ್ರಿಂಟಿಗೆ ಹಾಳೆಯ ಲೆಕ್ಕದಲ್ಲಿ ದುಡ್ಡು. ಡಿಸೈನ್, ಲ್ಯಾಮಿನೇಷನ್ ಬೇರೆ. ಫ್ರೇಮಿಗೆ ಪ್ರಿಂಟಿಗಿಂತ ಹೆಚ್ಚೇ ಆಗುತ್ತದೆ, ಮೊದಲೇ ಬಿಡಿಬಿಡಿಯಾಗಿ ಕೇಳಿ. ನಿಮ್ಮ ಬಡಾವಣೆಯ ಡಿಜಿಟಲ್ ಪ್ರಿಂಟ್ ಅಂಗಡಿಯೇ ಸಾಕು. ಬಗೆಬಗೆಯ ಕಾಗದ ಮುಟ್ಟಿ ನೋಡಬೇಕಿದ್ದರೆ ಚಿಕ್ಕಪೇಟೆಯ ಪಕ್ಕದ ಸುಲ್ತಾನಪೇಟೆಗೆ ಹೋಗಿ. ಪೀಣ್ಯದವರಿಗೆ ಹಸಿರು ಮಾರ್ಗದ ಮೆಟ್ರೊ ನೇರ ಚಿಕ್ಕಪೇಟೆಗೆ ಇಳಿಸುತ್ತದೆ. ಪ್ರಿಂಟ್ ಒತ್ತುವ ಮುನ್ನ ಪರದೆಯ ಮೇಲೆ ದೊಡ್ಡದು ಮಾಡಿಸಿ, ಹನ್ನೆರಡು ತಿಂಗಳನ್ನೂ ಒಂದೊಂದಾಗಿ ಎಣಿಸಿ.