ಕಿವಿಯೊಳಗಣ ಮೊರೆತಕ್ಕೆ ಚಿಕಿತ್ಸೆ

ಹೊರಗಿನ ಪ್ರಪಂಚವೆಲ್ಲ ನಿಶ್ಶಬ್ದವಾಗಿರುವಾಗಲೂ ಕಿವಿಯೊಳಗೆ ಸಿಳ್ಳೆಯೋ ಗುಂಯ್‌ಗುಟ್ಟುವಿಕೆಯೋ ಭೋರ್ಗರೆತವೋ ಎಡೆಬಿಡದೆ ಕೇಳುತ್ತಿರುವ ಬಾಧೆಯನ್ನು ನಮ್ಮ ಪ್ರಾಚೀನ ವೈದ್ಯರು ಕರ್ಣನಾದವೆಂದು ಕರೆದರು. ಇಂದಿನ ವೈದ್ಯರು ಟಿನಿಟಸ್ ಎನ್ನುತ್ತಾರೆ. 1801ರಲ್ಲಿ ಬೀಥೋವನ್ ತನ್ನ ವೈದ್ಯಮಿತ್ರ ವೆಗೆಲರನಿಗೆ ಬರೆದ ಪತ್ರದಲ್ಲಿ ತನ್ನ ಕಿವಿಗಳು ಹಗಲಿರುಳೂ ಮೊರೆಯುತ್ತಿರುವ ಸಂಕಟವನ್ನು ತೋಡಿಕೊಂಡನು. ಚೆಕ್ ಸಂಗೀತಕಾರ ಸ್ಮೆತಾನನು 1876ರ ತನ್ನ ತಂತೀವಾದ್ಯ ಚತುಷ್ಟಯದ ಕೊನೆಯ ಭಾಗದಲ್ಲಿ ಪಿಟೀಲಿನ ಒಂದು ಅತಿತಾರಸ್ವರವನ್ನು ನೀಳವಾಗಿ ಹಿಡಿಸಿ, ತನ್ನನ್ನು ಪೀಡಿಸಿದ ಆ ನಾದವನ್ನು ಲೋಕಕ್ಕೇ ಕೇಳಿಸಿದನು. ಅವರ ಕಾಲದ ವೈದ್ಯರು ಕೈಚೆಲ್ಲಿದುದನ್ನು ಕ್ಷಮಿಸಬಹುದು. ಆದರೆ “ಇದಕ್ಕೆ ಮದ್ದಿಲ್ಲ, ಸಹಿಸಿಕೊಳ್ಳಿ” ಎಂಬ ಒಂದೇ ಮಾತನ್ನು ಕೇಳಿಕೊಂಡು ಇಂದಿಗೂ ಎಷ್ಟೋ ಮಂದಿ ರೋಗಿಗಳು ಹತಾಶರಾಗಿ ಮನೆಗೆ ಮರಳುತ್ತಿರುವುದು ಕ್ಷಮಿಸತಕ್ಕದ್ದಲ್ಲ. ನಾದವನ್ನು ಅಳಿಸಿಬಿಡುವ ಗುಳಿಗೆ ಇನ್ನೂ ದೊರೆತಿಲ್ಲವೆಂಬುದು ನಿಜ. ಆದುದರಿಂದ ಮಾಡತಕ್ಕದ್ದೇನೂ ಇಲ್ಲವೆಂಬುದು ಸುಳ್ಳು.

ವಾರ್ಧಕ್ಯದಿಂದಲೋ ಯಂತ್ರಗಳ ಅಬ್ಬರದಿಂದಲೋ ಕೆಲವು ಔಷಧಗಳ ದುಷ್ಪರಿಣಾಮದಿಂದಲೋ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಶಿಸಿ ಅಲ್ಲಿಂದ ಬರಬೇಕಾದ ಸಂದೇಶ ಕ್ಷೀಣಿಸಿದಾಗ, ಆ ಕೊರತೆಯನ್ನು ತುಂಬಿಕೊಳ್ಳಲೆಳಸುವ ಮಿದುಳು ತನ್ನ ಗ್ರಹಣಶಕ್ತಿಯನ್ನು ತೀವ್ರಗೊಳಿಸಿಕೊಂಡು, ನರಗಳ ಸಹಜ ಸ್ಪಂದನವನ್ನೇ ಶಬ್ದವೆಂದು ಗ್ರಹಿಸುತ್ತದೆಂಬುದು ಈಗ ಬಹುಮಟ್ಟಿಗೆ ಅಂಗೀಕೃತವಾಗಿರುವ ವಿವರಣೆ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಶ್ರವಣದೋಷವಿಲ್ಲದ 80 ಮಂದಿಯನ್ನು ಶಬ್ದ ತೂರದ ಕೋಣೆಯಲ್ಲಿ ಕೂರಿಸಿದಾಗ ಅವರಲ್ಲಿ ನೂರಕ್ಕೆ 94 ಮಂದಿಗೆ ಏನಾದರೊಂದು ನಾದ ಕೇಳಿಸಿತು. ಹಾಗಾದರೆ ಒಬ್ಬನಿಗೆ ಅಗೋಚರವಾಗಿರುವುದು ಇನ್ನೊಬ್ಬನ ನಿದ್ರೆಯನ್ನೇಕೆ ಕಸಿದುಕೊಳ್ಳುತ್ತದೆ? ಭಯವೂ ಅವಧಾನವೂ ಆ ನಾದಕ್ಕೆ ಅಂಟಿಕೊಳ್ಳುವುದರಿಂದ. ಚಿಕಿತ್ಸೆಯ ಬಾಗಿಲು ತೆರೆಯುವುದು ಇಲ್ಲಿಯೇ.

ಅದಕ್ಕೆ ಮುನ್ನ ಪರೀಕ್ಷೆ ಆಗಲೇಬೇಕು. ಗುಗ್ಗೆ ತುಂಬಿದ್ದರೆ ಅದನ್ನು ತೆಗೆದೊಡನೆ ಮೊರೆತ ಅಡಗಬಹುದು. ಒಂದೇ ಕಿವಿಯಲ್ಲಿ ಕೇಳುವ ನಾದವನ್ನೂ, ನಾಡಿಯ ಬಡಿತಕ್ಕೆ ಅನುಗುಣವಾಗಿ ಮಿಡಿಯುವ ನಾದವನ್ನೂ ತಜ್ಞರು ಉಪೇಕ್ಷಿಸಬಾರದು. ಇದ್ದಕ್ಕಿದ್ದಂತೆ ಕಿವಿ ಕೇಳಿಸದಾದರೆ, ಸ್ಟೀರಾಯ್ಡ್ ಫಲಕೊಡುವ ಸಂಭವ ದಿನದಿನಕ್ಕೂ ಕುಗ್ಗುವುದರಿಂದ, ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಕಿವಿ ಮಂದವಾದವರಿಗೆ ಶ್ರವಣಸಾಧನವೇ ಮೊದಲ ಉಪಚಾರ. ಹೊರಗಿನ ದನಿಗಳು ಮರಳಿದಂತೆ ಒಳಗಿನದು ಹಿಂದೆ ಸರಿಯುತ್ತದೆ. ಕಗ್ಗತ್ತಲೆಯಲ್ಲಿ ಕಣ್ಣು ಕುಕ್ಕುವ ಹಣತೆ ನಡುಹಗಲಲ್ಲಿ ಗಮನಕ್ಕೇ ಬಾರದಲ್ಲವೆ? ಮಲಗುವ ಕೋಣೆಯಲ್ಲಿ ಫ್ಯಾನಿನ ಸದ್ದನ್ನೋ ಮೆಲ್ಲನೆಯ ಸಂಗೀತವನ್ನೋ ಇರಿಸಿಕೊಳ್ಳಿರೆಂದು ಹೇಳುವುದೂ ಇದೇ ತತ್ತ್ವದಿಂದ. ಪೂರ್ಣ ಕಿವುಡರಾದವರಲ್ಲಿ ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನವು ಅನೇಕರ ಮೊರೆತವನ್ನೂ ತಗ್ಗಿಸಿದೆ.

ಎಲ್ಲಕ್ಕಿಂತ ದೃಢವಾದ ಪ್ರಮಾಣವಿರುವುದು ಅರಿವಿನ ವರ್ತನಾ ಚಿಕಿತ್ಸೆಗೆ. ‘ಮನಸ್ಸಿನ ವೈದ್ಯರ ಬಳಿ ಹೋಗಿ’ ಎಂದಾಗ ರೋಗಿಯು ತನ್ನ ನೋವನ್ನು ಕಲ್ಪಿತವೆಂದರೆಂದು ನೊಂದುಕೊಳ್ಳುವುದುಂಟು; ಆದರೆ ಅದರ ಅರ್ಥ ಹಾಗಲ್ಲ. ‘ಈ ಸದ್ದು ನನ್ನ ಬಾಳನ್ನು ಹಾಳುಮಾಡಿತು’, ‘ಇದು ಯಾವುದೋ ಮಹಾವ್ಯಾಧಿಯ ಸೂಚನೆ’ ಎಂಬ ಆಲೋಚನೆಗಳನ್ನು ಚಿಕಿತ್ಸಕರೊಡನೆ ಒಂದೊಂದಾಗಿ ಪರೀಕ್ಷಿಸುತ್ತ, ಬಿಟ್ಟುಬಿಟ್ಟಿದ್ದ ಭಜನೆ, ಸಭೆ, ಬಂಧುಗಳ ಸಹವಾಸಗಳಿಗೆ ಮೆಲ್ಲಮೆಲ್ಲನೆ ಹಿಂದಿರುಗುತ್ತ, ನಿದ್ರೆಯ ಕ್ರಮವನ್ನು ಸರಿಪಡಿಸಿಕೊಳ್ಳುತ್ತ ಹೋದರೆ, ನಾದದ ಪ್ರಮಾಣ ಹಾಗೆಯೇ ಉಳಿದರೂ ಅದರ ಪೀಡೆ ಇಳಿಯುತ್ತದೆ. ಇದು ವಾರಗಟ್ಟಲೆ, ತಿಂಗಳುಗಟ್ಟಲೆ ತಾಳ್ಮೆ ಬೇಡುವ ಕೆಲಸ.

ಜಾಹೀರಾತುಗಳು ಕೊಂಡಾಡುವ ಗಿಂಕೊ, ಸತು, ಮೆಲಟೋನಿನ್‌ಗಳನ್ನು ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ ಸಂಘವು 2014ರ ತನ್ನ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಬಾರದೆಂದಿತು. ಅವಕ್ಕೆ ಸುರಿಯುವ ಹಣವು ಶ್ರವಣಸಾಧನಕ್ಕೆ ಸಂದರೆ ಲೇಸು. ಕಿವಿಗೆ ಶಬ್ದವನ್ನೂ ನಾಲಿಗೆಗೆ ಮೃದುವಾದ ವಿದ್ಯುತ್ ಸ್ಪಂದನವನ್ನೂ ಒಟ್ಟಿಗೆ ಕೊಡುವ ಲೆನೈರ್ ಎಂಬ ಐರ್ಲೆಂಡಿನ ಸಾಧನಕ್ಕೆ 2023ರಲ್ಲಿ ಅಮೆರಿಕದ ಸರ್ಕಾರ ಅನುಮತಿ ನೀಡಿದೆ; ಹೊಸದಾದುದರಿಂದ ಅದರ ವಿಷಯದಲ್ಲಿ ಆತುರ ಸಲ್ಲದು.

ಇಂಥ ಚಿಕಿತ್ಸೆಯನ್ನು ನಮ್ಮವರು ದೂರ ಅರಸಬೇಕಾಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣತಜ್ಞರು, ಕಿವಿ-ಮೂಗು-ಗಂಟಲಿನ ವೈದ್ಯರು, ಮನಶ್ಶಾಸ್ತ್ರಜ್ಞರು ಮೂವರೂ ಒಂದೇ ಆವರಣದಲ್ಲಿ ದೊರೆಯುತ್ತಾರೆ. ಹೋಗುವಾಗ ಸದ್ದು ಎಂದು ಮೊದಲಾಯಿತು, ಯಾವ ಕಿವಿಯಲ್ಲಿ, ಯಾವ ಔಷಧಗಳನ್ನು ಸೇವಿಸುತ್ತಿದ್ದೀರಿ ಎಂಬುದನ್ನು ಬರೆದುಕೊಂಡು ಹೋಗಿರಿ.